ಹಾಜರಿ

ಬ್ಯಾಡಗಿ, ಸೋಮವಾರ, ಇನ್ನೂ ಏಳೂವರಿ.
ಅಡತಿ ಅಂಗಡಿ ಅಂಗಳದ ತುಂಬ ಮೆಣಸಿನಕಾಯಿ ಬಿದ್ದೈತಿ.
ಮುನ್ನೂರು ಚೀಲ, ಎಷ್ಟು ಲಕ್ಷ ಕಾಯೋ,
ಕ್ರಿಯಾಪದ ಮಾತ್ರ ಒಂದ: ಬಿದ್ದೈತಿ.
ರಾಶಿಗೆ ಬಹುವಚನದ ಹಂಗಿಲ್ಲ.

ಸಾವ್ಕಾರ್ರು ಬಂದ್ರು.
ಒಬ್ರೇ ಬಂದ್ರು, ಸ್ಕೂಟರಿನ ಮ್ಯಾಲ,
ಹಿಂದಿನ ಸೀಟು ಖಾಲಿ.
ಚಪ್ಪಲಿ ಬಿಟ್ರು, ಲಕ್ಷ್ಮಿಗೆ ಊದಿನಕಡ್ಡಿ ಹಚ್ಚಿದ್ರು,
ಕೆಮ್ಮಿದ್ರು.
ಒಂದು ಕೆಮ್ಮಿಗೆ ಇಷ್ಟು ಮಂದಿ!

ನಾ ಇಲ್ಲಿ ಗುಮಾಸ್ತ. ಧಾರವಾಡದಾಗ ಎರಡು ವರ್ಷ ವ್ಯಾಕರಣ ಓದಿ
ಮೂರನೇ ವರ್ಷದ ಫೀ ದುಡಿಯಾಕ ಬಂದವ,
ಹಂಗ ಉಳಿದವ.

"ಆಳು ಎಷ್ಟು ಬಂದ್ವೋ?"
"ಇಪ್ಪತ್ನಾಲ್ಕು ಬಂದ್ವು ರೀ."

ಎಮ್ಮಿ ಬಂದ್ವು, ಚೀಲ ಬಂದ್ವು, ಲಾರಿ ಬಂದ್ವು,
ಆಳು ಬಂದ್ವು.
ಇಬ್ಬರು, ಮೂವರು, ನಾಲ್ವರು, ಐವರು ಅಂತ
ಮನುಷ್ಯಾರನ್ನ ಎಣಸಾಕ ಬ್ಯಾರೆ ಅಂಕಿನ ಇಟ್ಕೊಂಡ ಭಾಷಾ ನಮ್ದು;
ಹಿಂಗಂತ ಪರೀಕ್ಷಾದಾಗ ಬರದು ಅಂಕ ತಗೊಂಡೀನಿ.
ಕೂಲಿಗೆ ಬಂದ್ರ ಆ ಅಂಕಿ
ಚಪ್ಪಲಿ ಜೋಡಿ ಬಾಗಲ ಹೊರಗ.

ತೊಟ್ಟು ಮುರಿಯೋ ಕಡೆ ಹೋದೆ.
ಸೆರಗು ಮೂಗಿಗೆ ಕಟ್ಕೊಂಡು ಸಾಲಿಗೆ ಕುಂತಾವ.
ನೋಡ್ರಿ, ನನ್ನ ಬಾಯಾಗೂ 'ಕುಂತಾವ'.

ಮೋಟೆಬೆನ್ನೂರಿನ ದ್ಯಾಮವ್ವ ಮೊಣಕೈಲೆ ಮುಖ ಒರೆಸ್ಕೊಂಡು
"ಕಣ್ಣು ಉರಿಯಾಕತ್ತೈತೋ ತಮ್ಮಾ" ಅಂದ್ಲು.
ಕಣ್ಣು ಎರಡು, ಉರಿ ಒಂದ.
ಸಂಸ್ಕೃತದಾಗ ಜೋಡಿಗೇ ಅಂತ ಒಂದು ವಚನ ಐತಿ,
ದ್ವಿವಚನ, ಅಂದೆ. ಯಾಕಂದೆನೋ.
"ಅಲ್ಲೇನು ಜೋಡಿಗೆ ಪಗಾರ ಜಾಸ್ತಿ ಕೊಡ್ತಾರೇನು?"
ಖಾಜಾಬಿ ಕೇಳಿದ್ಲು.
ಸಾಲು ನಕ್ತು.
ನಕ್ಕಿದ್ದಕ್ಕ ಖಾರ ಒಳಗ ಹೋಗಿ
ಸಾಲೆಲ್ಲ ಸೀನ್ತು.

ಪುಸ್ತಕ ತಗದೆ. "ಆಳು ಇಪ್ಪತ್ನಾಲ್ಕು. ಎಲ್ಲಾ ಬಂದ್ವು?"
ದ್ಯಾಮವ್ವ ತಲಿ ಎತ್ತಲಿಲ್ಲ, ಕೈ ನಿಲ್ಲಸಲಿಲ್ಲ.
"ಬಂದ್ವಿ" ಅಂದ್ಲು.

ನಾ 'ಬಂದ್ವು' ಅಂತ ಕೇಳಿಸ್ಕೊಂಡು ಟಿಕ್ ಹಾಕಾಕ ಹೋದೆ.
"ಬಂದ್ವಿ" ಅಂದ್ಲು ಮತ್ತೊಮ್ಮೆ,
ಕಿವುಡಗ ಹೇಳಿದಂಗ.

ಪೆನ್ನು ಅಲ್ಲೇ ನಿಂತು.
'ವು' ಬರದು ನೋಡ್ರಿ: ಕೊಂಬು ಐತಿ.
ಎಮ್ಮಿಗೆ ಇದ್ದಂಗ, ಎತ್ತಿಗೆ ಇದ್ದಂಗ.
ಆ ಕೊಂಬು ಮುರದು ಮ್ಯಾಲೊಂದು ಗುಡಿಸು ಕೊಟ್ರ
'ವಿ'.
ಬಾಲವಾಡಿಯಾಗ ಕಲಿಸಿದ್ದು,
ಕಾಲೇಜಿನಾಗ ಯಾರೂ ಹೇಳಲಿಲ್ಲ.
ಕಾಯಿ ತೊಟ್ಟು ಮುರಿಯೋ ಬೆರಳಿಗೆ
ಇದೇನು ದೊಡ್ಡದು!
ಚಟಕ್.

ಹೊಳ್ಳಿ ಗಾದಿ ಹತ್ರ ಬಂದೆ. ಸಾವ್ಕಾರ್ರು ಫೋನಿನಾಗಿದ್ರು,
ರೇಟು ಮಾತಾಡ್ಕೋತ ಹುಬ್ಬಿಲೇ ಕೇಳಿದ್ರು: ಎಷ್ಟು?

"ಇಪ್ಪತ್ತೈದು ಮಂದಿ ಬಂದ್ವಿ ರೀ."

ಫೋನು ಕೆಳಗಿಟ್ರು. ಪುಸ್ತಕ ಇಸ್ಕೊಂಡ್ರು.
ಬೆರಳಿಗೆ ಉಗುಳು ಹಚ್ಕೊಂಡು ಹಾಳಿ ತಿರುವಿದ್ರು,
ಹೆಸರಿನ ಮ್ಯಾಲ ಹೆಸರು ಎಣಿಸಿದ್ರು.
ಆಮ್ಯಾಲೆ ನನ್ನ ಕಡೆ ನೋಡ್ದ ಕೇಳಿದ್ರು:

"ಇನ್ನೊಂದು ಯಾವುದೋ?"