ಪಟ್ಟಿಯಲ್ಲಿ ನಮ್ಮನೆ

ರಾತ್ರಿ ಹತ್ತೂಕಾಲು. ವೈಫೈ ಹೋಗಿ ಅರ್ಧ ಗಂಟೆ.
ಹನ್ನೆರಡರೊಳಗೆ ನಲವತ್ತೊಂದು ಮಕ್ಕಳ ಅಂಕ ಏರಿಸಬೇಕು.
ಫೋನಿನಾಚೆ ಕೇಬಲ್ ಓಬಳೇಶಿ, ಬಾಯ್ತುಂಬ ಅಡಿಕೆ:
‘ಹಿಂದ್ಗಡೆ ಸಣ್ಣ ತೂತೈತೆ ನೋಡ್ರಿ ಮೇಡಂ,
ಪಿನ್ನು ಚುಚ್ಚಿ ಹತ್ತೆಣಿಸ್ರಿ.’

ಸೆರಗಿನ ಪಿನ್ನು ಬಿಚ್ಚಿ ಚುಚ್ಚಿದೆ. ಎಣಿಸಿದೆ.
ರೂಟರಿನ ದೀಪಗಳೆಲ್ಲ ಒಮ್ಮೆ ಕಣ್ಣು ಮುಚ್ಚಿ
ಒಂದೊಂದಾಗಿ ತೆರೆದವು, ಹಸಿರು.

ಲ್ಯಾಪ್‌ಟಾಪಿನಲ್ಲಿ ಇಡೀ ಜೋಗಿಮಟ್ಟಿ ರಸ್ತೆ ಸಾಲಾಗಿ ನಿಂತಿದೆ:
ಹಿಟ್ಟಿನ ಗಿರಣಿ, ರುದ್ರಮುನಿಯ ಮೇಲ್ಮನೆ,
ಮೊನ್ನೆ ಬಾಡಿಗೆಗೆ ಬಂದ ನರ್ಸು ಕೂಡ,
ಎಲ್ಲರ ಹೆಸರಿನ ಪಕ್ಕ ಒಂದೊಂದು ಬೀಗ.
ನಮ್ಮನೆಯೊಂದು ಇಲ್ಲ.

ಆಫ್ ಮಾಡಿದೆ, ಆನ್ ಮಾಡಿದೆ.
ಹಳೇ ಹೆಸರು ಮರೆಯಲೇ ಅಂತ ಕೇಳಿತು. ಮರೆ ಅಂದೆ.
ದುರ್ಗದ ಕಲ್ಲಿನ ಗೋಡೆ, ಒಂದೂವರೆ ಮೊಳ ದಪ್ಪ,
ಅದಕ್ಕೇ ಇರಬೇಕೆಂದು
ರೂಟರಿನ ಮಗ್ಗುಲಿಗೇ ಹೋಗಿ ನೆಲಕ್ಕೆ ಕೂತೆ.

ಪಟ್ಟಿಯ ತುತ್ತತುದಿಗೆ
ಯಾರೋ ಅಪರಿಚಿತರು: ಮೂರಕ್ಷರ, ಆರಂಕಿ.
ಈ ಬೀದಿಯಲ್ಲಿ ಯಾರಪ್ಪ ಇವರು,
ಇಷ್ಟು ಗಟ್ಟಿಯಾಗಿ, ಇಷ್ಟು ಹತ್ತಿರ?

ರೂಟರನ್ನು ಬೋರಲು ಹಾಕಿ ಟಾರ್ಚು ಬಿಟ್ಟೆ.
ಹೊಟ್ಟೆಯ ಮೇಲೆ ಇರುವೆಸಾಲಿನಷ್ಟು ಸಣ್ಣಗೆ
ಅದೇ ಮೂರಕ್ಷರ, ಅದೇ ಆರಂಕಿ,
ನಾವು ಹೆಸರಿಡುವ ಮುಂಚಿನ ಅದರ ಹೆಸರು.

ಹನ್ನೊಂದು ಐವತ್ತಕ್ಕೆ ಕೊನೆಯ ಹುಡುಗಿಯ ಅಂಕ ಹೋಯಿತು.
ಸೆರಗಿಗೆ ಪಿನ್ನು ಹಾಕಲು ಹೊರಟೆ;
ಯಾತಕ್ಕೆ, ಮಲಗುವ ಹೊತ್ತು.