ಎಳೆ

ಟ್ರಿಯೆಸ್ತೆಯಲ್ಲಿ ಬೋರಾ ಗಾಳಿ ಎದ್ದ ದಿನ
ಬೀದಿಯ ಮೂಲೆಗಳಿಗೆ ಹಗ್ಗ ಬಿಗಿಯುತ್ತಿದ್ದರು,
ನಡೆಯುವವರು ಹಿಡಿದುಕೊಳ್ಳಲೆಂದು.
ಬಿಗಿಯುವವರಲ್ಲಿ ಅಪ್ಪನೂ ಒಬ್ಬ, ನಗರಸಭೆಯ ಆಳು.
ಗಂಟು ಹಾಕಿದ ಮೇಲೆ ಕಾಲೆತ್ತಿ ತಾನೇ ಜೋತುಬೀಳುತ್ತಿದ್ದ,
ಮೇಲಂಗಿ ಸೇರಿ ತೊಂಬತ್ತೆರಡು ಕಿಲೋ.
"ನನ್ನನ್ನು ತಡೆದರೆ ಪಾದ್ರಿಯನ್ನೂ ತಡೆದೀತು."

ನನ್ನ ಎಳೆ ಬೇರೆ.
ಕೂದಲನ್ನು ಮೂರು ಸೀಳಿದರೆ ಅದರಲ್ಲೊಂದರಷ್ಟು ಅಲ್ಯೂಮಿನಿಯಂ ತಂತಿ.
ಸಿಲಿಕಾನ್ ಬಿಲ್ಲೆಯ ಮೈಮೇಲಿನ ಒಂದೊಂದು ಗೆರೆಯಿಂದ
ಅದರ ಪಿಸುಮಾತು ಕೇಳುವ ಚಿಪ್‌ವರೆಗೆ
ಒಂದು ಪುಟ್ಟ ಕಮಾನು.
ಅಂಟಿಲ್ಲ, ಬೆಂಕಿಯಿಲ್ಲ.
ಮೊನೆಯೊಂದು ಕಿವಿಗೆ ಸಿಗದ ಸ್ವರದಲ್ಲಿ ನಡುಗುತ್ತದೆ,
ಲೋಹ ಲೋಹವನ್ನು ಒಪ್ಪಿಕೊಳ್ಳುತ್ತದೆ.
ಬಿಲ್ಲೆಗೆ ಏಳುನೂರ ಅರವತ್ತೆಂಟು.
ಬೆಳಿಗ್ಗೆ ಎರಡು ಬಿಲ್ಲೆ, ಊಟದ ಮೇಲೆ ಒಂದು.

ತಲೆಗೆ ಟೊಪ್ಪಿ, ಬಾಯಿಗೆ ಬಟ್ಟೆ,
ಮಣಿಕಟ್ಟಿನಿಂದ ನೆಲಕ್ಕೊಂದು ತಂತಿ, ಕಟ್ಟಿಹಾಕಿದ ಕರುವಿನ ಹಾಗೆ.
ಬೋರಾ ಬೀಸಿದರೆ ಗಾಳಿ ಎಷ್ಟು ಒಣಗುತ್ತದೆಂದರೆ
ಸ್ವೆಟರ್ ಕಳಚಿದರೆ ಚಟಪಟ.
ಅಂಥ ಒಂದು ಕಿಡಿ ಸಾಕು,
ನೂರಿಪ್ಪತ್ತೆಂಟು ಗೆರೆಗಳು
ಮೊದಲ ಮಾತು ಕೇಳುವ ಮುಂಚೆಯೇ ಕಿವುಡು.

ಸೋಮವಾರ ಎಳೆದು ನೋಡುವ ದಿನ.
ಕೆಲಸಕ್ಕೆ ಬಾರದ ಅಂಚಿನಲ್ಲಿ ಹತ್ತು ತಂತಿ ಹೊಲಿದು
ಕೊಕ್ಕೆ ಸಿಕ್ಕಿಸಿ ಮೇಲೆ, ಇನ್ನೂ ಮೇಲೆ,
ಕಡಿಯುವ ತನಕ.
ಒಂಬತ್ತು ಗ್ರಾಂ. ಹತ್ತೂವರೆ. ಒಂಬತ್ತು ಮುಕ್ಕಾಲು.
ಒಂದು ಕೊಬ್ಬಿದ ದ್ರಾಕ್ಷಿಯ ಭಾರ.
ಆಗ ಹೊಸಬಳು ನಾನು, ಫುಲ್ವಿಯಾಳನ್ನು ಕೇಳಿದೆ:
"ಗಟ್ಟಿ ಅಂತ ಗೊತ್ತಾದವು ಇವೇ. ಇವೇ ಹೋದವಲ್ಲ?"
ಅವಳು ಕನ್ನಡಕ ಒರೆಸಿಕೊಂಡಳು.
"ಕಡಿದವುಗಳ ಬಲ ಗೊತ್ತು. ಉಳಿದವು ಸಾಲದ ಮೇಲೆ.
ನಡಿ, ಕಾಫಿ ಆರಿಹೋಗುತ್ತೆ."

ಆಮೇಲೆ ಕತ್ತಲ ಪೆಟ್ಟಿಗೆ.
ಬೆಳಕು ಬಿದ್ದರೆ ಸಿಲಿಕಾನ್ ವಾಚಾಳಿ, ನಿಜ ಹೇಳುವುದಿಲ್ಲ.
ಮುಚ್ಚಳ ಹಾಕಿ ವೋಲ್ಟ್ ಏರಿಸುತ್ತ ಹೋಗಬೇಕು,
ಮೆಟ್ಟಿಲು ಮೆಟ್ಟಿಲಾಗಿ,
ಎಷ್ಟು ಸೋರುತ್ತದೆಂದು ಬರೆದುಕೊಳ್ಳುತ್ತ.
ಸೋರದ ಮನೆಯಿಲ್ಲ.
ಹಿಡಿಯಲು ಇಟ್ಟ ಪಾತ್ರೆ ತುಂಬದಿದ್ದರೆ ಸರಿ.

ಇನ್ನೂರ ಹನ್ನೆರಡನೆಯ ಬಿಲ್ಲೆ. ಫೆಬ್ರವರಿ.
ಹೊರಗೆ ಯಾವುದೋ ತಗಡು ಕಿತ್ತು ಗೋಡೆಗೆ ಬಡಿಯಿತು,
ನನ್ನ ಮೊಣಕೈ ಬೆಚ್ಚಿತು.
ನಾನೂರ ಹದಿನೇಳನೆಯ ತಂತಿ ಪಕ್ಕದ್ದರ ಹೆಗಲ ಮೇಲೆ ಒರಗಿತು.
ಚಿಮಟದಲ್ಲಿ ಎತ್ತಿ ಎಸೆದು
ಗಾಯವಾದ ಜಾಗದಲ್ಲೇ ಮತ್ತೊಂದು ಹಾಕಿದೆ.
ದಾಖಲೆಯಲ್ಲಿ ಬರೆದೆ: "417, ಮರುಜೋಡಣೆ."
ಎಳೆದು ನೋಡುವಂತಿರಲಿಲ್ಲ.

ಡುಶಾನ್ ಹದಿನಾಲ್ಕು ಬಿಲ್ಲೆಗಳನ್ನು ಹಿಂದಿನ ಸೀಟಿಗೆ ಬೆಲ್ಟ್ ಬಿಗಿದು
ಆಲ್ಪ್ಸ್ ದಾಟಿಸಿ ಜಿನೀವಾಕ್ಕೆ ಒಯ್ದ,
ಗಂಟೆಗೆ ಎಪ್ಪತ್ತು ಮೀರದೆ.
ಹೆರಿಗೆಗೆ ಕರೆದೊಯ್ದಾಗಲೂ ಇಷ್ಟು ಮೆಲ್ಲಗೆ ಓಡಿಸಿರಲಿಲ್ಲ ಎಂದು
ಅವನ ಹೆಂಡತಿ ಇಂದಿಗೂ ಎತ್ತಾಡುತ್ತಾಳೆ.

ಈಗ ಅವು ನೂರು ಮೀಟರ್ ನೆಲದಡಿ,
ಯಾರ ಬೆರಳೂ ಹೋಗದ ಕಡೆ.
ಕಣಗಳು ಹಾದುಹೋಗುತ್ತವೆ, ಹೋದಲ್ಲೆಲ್ಲ ಒಂದು ಚೂರು ಹಾಳು ಮಾಡಿ.
ಅದಕ್ಕೇ ಸದಾ ಶೂನ್ಯಕ್ಕೂ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ.
ಸ್ವಲ್ಪ ಬಿಸಿ ತಗುಲಿದರೆ ಗಾಯ ಮಾಯುತ್ತದೆ,
ಇನ್ನೂ ಸ್ವಲ್ಪವಾದರೆ ಮಾಯ್ದದ್ದೇ ಕೊಳೆಯಲು ಶುರು.
ಒಂದು ಕ್ರಿಸ್‌ಮಸ್‌ಗೆ ತಂಪು ಯಂತ್ರ ನಿಂತು
ರಾತ್ರಿಪಾಳಿಯ ಹುಡುಗನೊಬ್ಬ
ಮುಳ್ಳು ಏರುವುದನ್ನು ನೋಡುತ್ತ
ಸೇಬನ್ನು ಕಚ್ಚಿದವನು ಅಗಿಯುವುದನ್ನೇ ಮರೆತಿದ್ದನಂತೆ.

ಪ್ರತಿ ಜನವರಿ ಸತ್ತ ಗೆರೆಗಳ ಯಾದಿ ಬರುತ್ತದೆ.
ನಿವೃತ್ತಳಾದ ಮೇಲೂ ನನಗೊಂದು ಪ್ರತಿ ಕಳಿಸಿ ಎಂದಿದ್ದೇನೆ.
ಬೆರಳಿಟ್ಟು ಹುಡುಕುತ್ತೇನೆ, ಇನ್ನೂರ ಹನ್ನೆರಡು, ನಾನೂರ ಹದಿನೇಳು.
ಹನ್ನೊಂದು ವರ್ಷ. ಇಲ್ಲ.

ಈ ಸಲ ನಾನೂರ ಹದಿನೆಂಟು ಇದೆ.
ಅದನ್ನು ಹಾಕಿದವಳೂ ನಾನೇ.
ಎಷ್ಟು ಯೋಚಿಸಿದರೂ
ಆ ತಂತಿಯ ನೆನಪಿಲ್ಲ.