ಏಳನೇ ನಂಬರು

ಡಾಕ್ಟರಮ್ಮ ಬಿಟ್ಟುಹೋದ ಹಳೇ ಚಪ್ಪಲಿ
ಇನ್ನೂ ನನ್ನ ಅಂಗಡಿಯ ಮೇಲಿನ ಹಲಗೆಯಲ್ಲೇ ಇವೆ,
ಹೊಸ ಜೋಡು ಬಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ.
ಏಳನೇ ನಂಬರು. ಎಡಗಾಲಿನದು
ಹೊರಮಗ್ಗುಲಿಗೆ ಹೆಚ್ಚು ಸವೆದಿದೆ.
ನಿಂತು ದುಡಿಯುವವರ ಸವಕಲು ಅದು,
ನಡೆಯುವವರದು ಬೇರೆ.

ಮಂಡಿಪೇಟೆಯಲ್ಲಿ ನನ್ನನ್ನು ಕೇಳದವರಿಲ್ಲ:
ದಾದಾಪೀರ್, ಅವತ್ತು ಆಕೆ
ಎಡಕ್ಕೆ ತಿರುಗಿದಳೋ, ಬಲಕ್ಕೋ?

ಎಡಕ್ಕೆ ಹತ್ತಿ ಗೋದಾಮು.
ಬಲಕ್ಕೆ ರೈಲ್ವೆ ಸ್ಟೇಷನ್ನು.

ಹೊಗೆ ಆಗಲೇ ಎದ್ದಿತ್ತು.
ಸುಟ್ಟ ಹತ್ತಿಯ ಕರಿ ಎಸಳು ಹಾರಿ ಬಂದು
ಗಾಜಿನ ಮೇಲೆ ಕೂರುತ್ತಿತ್ತು, ಒರೆಸಿದಷ್ಟೂ ಮಸಿ.
ಒಂದೇ ಬಾಗಿಲು, ಒಳಗೆ ಹತ್ತಿ ಬಿಡಿಸುವ ಹೆಂಗಸರು,
ಇದೆಲ್ಲ ಗೊತ್ತಾದದ್ದು ದೀಪ ಹಚ್ಚುವ ಹೊತ್ತಿಗೆ.
ಅಲ್ಲಿಯವರೆಗೆ ನಮಗದು ಬರೀ ಹೊಗೆ.

ಎರಡು ದಿನದ ಹಿಂದೆ ವಾರಿಜಾ ಡಾಕ್ಟರನ್ನು
ಡ್ಯೂಟಿಯಿಂದ ಇಳಿಸಿದ್ದರಂತೆ.
ವಾರ್ಡಿನ ಔಷಧಿ ಕಪಾಟಿನ ಲೆಕ್ಕ ತಾಳೆಯಾಗಿರಲಿಲ್ಲವಂತೆ.
ರಾತ್ರಿ ಮನೆಗೇ ಹೋಗುತ್ತಿರಲಿಲ್ಲವಂತೆ,
ಎಲ್ಲಿದ್ದೆ ಎಂದು ಕೇಳುವುದನ್ನೂ
ಗಂಡ ಷಡಾಕ್ಷರಿ ಬಿಟ್ಟಿದ್ದನಂತೆ.
ಈ ಅಂತೆಗಳೆಲ್ಲ ನನ್ನ ಮೆಟ್ಟಿಲು ಹತ್ತಿದ್ದು ಅವರು ಹೋದಮೇಲೆ.
ನನಗೆ ಗೊತ್ತಿದ್ದದ್ದು ಹಿಮ್ಮಡಿಯ ಬಿರುಕು,
ಹೆಬ್ಬೆರಳ ಪಕ್ಕದ ಆಣಿ,
ಮತ್ತು ಬೇರೆ ಗಿರಾಕಿಗಳಂತೆ ಕಾಲು ಚಾಚದೆ
ತಾವೇ ಬಗ್ಗಿ ಪಟ್ಟಿ ಬಿಗಿದುಕೊಳ್ಳುವುದು.

ಅವತ್ತು ಬಗ್ಗಿದವರು ನನ್ನ ಕಾಲು ನೋಡಿದರು.
"ಈ ಕರಿ ಚುಕ್ಕೆ ಎಷ್ಟು ದಿನದಿಂದ?"
"ಏನೋ ಉಗುರುಸುತ್ತು, ಮೇಡಂ."
"ಸಕ್ಕರೆ ನೋಡಿಸ್ರಿ. ನಾಳೆನೇ."
ಮೂವತ್ತು ವರ್ಷ ಊರವರ ಪಾದ ಹಿಡಿದವನು ನಾನು,
ನನ್ನದನ್ನು ಯಾರೂ ಹಿಡಿದಿರಲಿಲ್ಲ.
ಬೆರಳು ಹೋಯಿತು, ಕಾಲು ಉಳಿಯಿತು.
ಅವರ ಕೈ ನಡುಗುತ್ತಿತ್ತು.
ಇದನ್ನು ಯಾರಿಗೂ ಹೇಳಿಲ್ಲ.

ನಾಲ್ಕು ದಿನ ಹತ್ತಿ ಒಳಗೊಳಗೇ ಉರಿಯಿತು.
ಮೂವತ್ತೊಂದು ಹೆಸರು ಸಿಕ್ಕವು,
ಯಾರದೆಂದು ಹೇಳಲಾಗದ್ದು ಒಂದು ಮೊರದಷ್ಟು ಉಳಿಯಿತು.
ಇನ್ಸ್‌ಪೆಕ್ಟರು ನನ್ನ ಕ್ಯಾಮೆರಾ ಬಿಚ್ಚಿಕೊಂಡು ಹೋದರು.
ಅದು ಗಲ್ಲಾ ಕಾಯುವ ಕ್ಯಾಮೆರಾ,
ಹೊಸಿಲು ಅದಕ್ಕೆ ಕಾಣದು.
"ನೀನು?"
ನೋಡಲಿಲ್ಲ ಸ್ವಾಮಿ ಅಂದೆ.

ಹರಪನಹಳ್ಳಿಯಿಂದ ತಾಯಿ ಬಂದರು, ಕೊಟ್ರಮ್ಮ.
ಅಳತೆ ನೋಡುವ ಬೆಂಚಿನ ಮೇಲೆ ಬರಿಗಾಲಲ್ಲಿ ಕೂತು
"ಎಡಕ್ಕ ಅನ್ನಪ್ಪ," ಅಂದರು.
"ಎಡಕ್ಕ ಹೋದ್ಲು ಅಂದ್ರ ನನ್ನ ಮಗಳು ಡಾಕ್ಟ್ರು.
ಬಲಕ್ಕ ಅಂದ್ರ…"
ಎಡಕ್ಕೆ ಅಂದೆ.
ಕೋರ್ಟಿನಲ್ಲೂ ಅಂದೆ.

ಈಗ ಗೋದಾಮಿನ ಕಲ್ಲಿನಲ್ಲಿ ಮೂವತ್ತೆರಡು ಹೆಸರು,
ಕೊನೆಯದರ ಬಣ್ಣ ಮಾತ್ರ ಇನ್ನೂ ಹೊಸದು.

ಅದಾದ ವರ್ಷ ಷಡಾಕ್ಷರಿ ಬಂದ,
ಅಂಗಡಿ ಮುಚ್ಚುವ ಹೊತ್ತು, ಬಾಯಲ್ಲಿ ವಾಸನೆ.
"ಬಲಕ್ಕೆ ಅಲ್ವಾ ದಾದಾಪೀರ್?
ರೈಲು ಹತ್ತಿದ್ಲು ಅಲ್ವಾ? ಎಲ್ಲೋ ಇದ್ದಾಳೆ ಅಲ್ವಾ?"
ಇರಬಹುದು ಅಂದೆ.
ಅರ್ಧ ಇಳಿಸಿದ ಷಟರಿನ ಕೆಳಗೆ
ತಲೆ ತಗ್ಗಿಸಿ ಹೋದ.

ನಿಜ ಹೇಳಬೇಕೆಂದರೆ
ನಾನು ಮಗುವೊಂದರ ಸ್ಕೂಲ್ ಶೂಸಿಗೆ ಲೇಸು ಕಟ್ಟುತ್ತಿದ್ದೆ.
ಬಗ್ಗಿದವನಿಗೆ ಕಾಣುವುದು ಪಾದ.
ಹೊಸಿಲ ಮೇಲೆ ಆ ಹೊಸ ಜೋಡು ನಿಂತವು,
ಹೊಸ ಚಪ್ಪಲಿ ಎಲ್ಲಿ ಕಚ್ಚುತ್ತದೆಂದು
ನೋಡಿಕೊಳ್ಳುವಷ್ಟು ಹೊತ್ತು.
ಗಂಟು ಬಿಗಿದು ತಲೆ ಎತ್ತಿದೆ.
ಹೊಸಿಲಿತ್ತು.

ಮುಖ ಮಸುಕಾಗಿದೆ. ಹಿಮ್ಮಡಿ ಇಲ್ಲ.
ಜಾತ್ರೆಬಸ್ಸಿನಲ್ಲಿ, ದರ್ಗಾದ ಬಾಗಿಲಲ್ಲಿ
ಏಳನೇ ನಂಬರು ಕಂಡರೆ
ಕಣ್ಣು ಮೇಲಕ್ಕೆ ಹೋಗಲು ಹೆದರುತ್ತದೆ.

ಅವತ್ತು ಹತ್ತು ರೂಪಾಯಿ ಚಿಲ್ಲರೆ ಇರಲಿಲ್ಲ ನನ್ನ ಹತ್ತಿರ.
"ಇರ್ಲಿ ಬಿಡ್ರಿ," ಅಂದಿದ್ದರು,
"ಹಳೇವನ್ನ ಒಯ್ಯೋವಾಗ ಕೊಡ್ರಿ."
ಬರುವವರ ಮಾತೂ ಹಾಗೇ ಇರುತ್ತದೆ,
ಬಾರದವರದೂ.

ನೋಟಿನ ಬಣ್ಣ ಬದಲಾಯಿತು, ಹಳೆಯದು ಕೊಟ್ಟು ಹೊಸದಿಟ್ಟೆ.
ಸಂಜೆ ಗಲ್ಲಾ ಎಣಿಸುವಾಗ
ಲೆಕ್ಕದಲ್ಲಿ ದಿನಾ
ಹತ್ತು ರೂಪಾಯಿ ಹೆಚ್ಚು ಬರುತ್ತದೆ.